ಜಿಸಿ ಬೇಸ್‌ಲೈನ್ ಏರ್ತಿದೆ, ಕಾಲಮ್ ಹೋಯ್ತಾ? ಮೊದಲು ತಪ್ಪಿರೋ ಜಾಗ ಹುಡುಕಿ

ಪ್ರಶ್ನೆ: ಸರ್, ನಮ್ಮದು ಎಫ್‌ಐಡಿ (ಜ್ವಾಲೆ ಬಳಸೋ ಡಿಟೆಕ್ಟರ್) ಇರೋ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್), ಸ್ಪ್ಲಿಟ್/ಸ್ಪ್ಲಿಟ್‌ಲೆಸ್ ಇಂಜೆಕ್ಟರ್, ಕ್ಯಾರಿಯರ್ (ಸ್ಯಾಂಪಲ್ ಹೊತ್ತೊಯ್ಯೋ ಗ್ಯಾಸ್) ಹೀಲಿಯಂ. ಕಾಲಮ್ (ಸ್ಯಾಂಪಲ್ ಬೇರ್ಪಡಿಸೋ ಸಪೂರ ಕೊಳವೆ) 5 ಪರ್ಸೆಂಟ್ ಫಿನೈಲ್, 30 ಮೀಟರ್, 0.25 ಎಂಎಂ ಐಡಿ (ಒಳವ್ಯಾಸ), 0.25 ಮೈಕ್ರಾನ್ ಫಿಲ್ಮ್. ಪ್ರೋಗ್ರಾಂ 50ರಿಂದ 320 ಡಿಗ್ರಿ. ಮೊದಲು ರನ್ ಕೊನೇಲಿ ಬೇಸ್‌ಲೈನ್ (ಪೀಕ್ ಇಲ್ಲದ ಕಡೆಯ ಗೆರೆ) 20 ಪಿಕೋಆಂಪ್ ಆಸುಪಾಸು ಇರ್ತಿತ್ತು, ಈಗ 70 ದಾಟ್ತಿದೆ. ಮಧ್ಯದಲ್ಲಿ ಒಂದು ಅಗಲವಾದ ಉಬ್ಬು, ಅಲ್ಲಲ್ಲಿ ಸಣ್ಣ ಸಣ್ಣ ಪೀಕ್, ಒಮ್ಮೊಮ್ಮೆ ಸೂಜಿ ಥರ ಸ್ಪೈಕ್. ಸೆಪ್ಟಮ್ (ಸೂಜಿ ಚುಚ್ಚೋ ರಬ್ಬರ್ ಬಿಲ್ಲೆ), ಲೈನರ್ (ಇಂಜೆಕ್ಟರ್ ಒಳಗಿನ ಗಾಜಿನ ನಳಿಕೆ) ಎರಡೂ ಬದಲಾಯಿಸಿದ್ವಿ. ರಾತ್ರಿಯಿಡೀ 340 ಡಿಗ್ರಿಲಿ ಬೇಕ್ ಮಾಡಿದ್ವಿ, ಬೆಳಗ್ಗೆ ನೋಡಿದ್ರೆ ಇನ್ನೂ ಜಾಸ್ತಿ ಆಗಿತ್ತು. ಕಾಲಮ್ ಹೋಯ್ತಾ? ಹೊಸದು ತರಿಸೋವರೆಗೆ ಸಾಫ್ಟ್‌ವೇರಲ್ಲಿ ಬೇಸ್‌ಲೈನ್ ಕಳೆದುಬಿಟ್ಟು ಕೆಲಸ ನಡೆಸಬಹುದಾ?

ಉತ್ತರ: ಕಾಲಮ್‌ಗೆ ಪೆಟ್ಟು ಬಿದ್ದಿರೋ ಸಾಧ್ಯತೆ ಜಾಸ್ತಿನೇ ಇದೆ, ರಾತ್ರಿಯಿಡೀ 340ರಲ್ಲಿ ಕಾಯಿಸಿದ್ದೀರಲ್ಲ, ಅದರ ಬಗ್ಗೆ ಮುಂದೆ ಹೇಳ್ತೀನಿ. ಆದ್ರೆ ನಿಮ್ಮ ಬೇಸ್‌ಲೈನ್ ಕೆಟ್ಟಿದ್ದು ಬೇಕ್ ಮಾಡೋಕೆ ಮುಂಚೆ ತಾನೆ? ಆ ಮೊದಲನೇ ಕಾರಣ ಇನ್ನೂ ಅಲ್ಲೇ ಇದೆ. ಅದನ್ನ ಹಿಡೀದೆ ಹೊಸ ಕಾಲಮ್ ಹಾಕಿದ್ರೆ ಅದಕ್ಕೂ ಇದೇ ಗತಿ. ಎರಡನೇದು, ನೀವು ಬರೆದಿರೋದು ಒಂದು ತೊಂದರೆ ಅಲ್ಲ, ನಾಲ್ಕು: ಏರಿಕೆ, ಉಬ್ಬು, ಸಣ್ಣ ಪೀಕ್, ಸ್ಪೈಕ್. ನಾಲ್ಕಕ್ಕೂ ಒಂದೇ ಕಾರಣ ಇರೋದು ಅಪರೂಪ, ನಾಲ್ಕನ್ನೂ ಸೇರಿಸಿ "ಬ್ಲೀಡ್" ಅಂತ ಕರೆದು ಬೇಕ್ ಮಾಡೋಕೆ ಹೊರಟಿದ್ದೇ ಇಲ್ಲಿ ಆದ ಎಡವಟ್ಟು. ತುಂಬಾ ಲ್ಯಾಬ್‌ಗಳಲ್ಲಿ ಇದನ್ನೇ ಮಾಡ್ತಾರೆ ಅಂತ ಗೊತ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೀನಿ.

ಮೊದಲು ಬ್ಲೀಡ್ ಅಂದ್ರೆ ಏನು ಅನ್ನೋದು ಸ್ಪಷ್ಟ ಆಗ್ಲಿ. ನಿಮ್ಮ ಕಾಲಮ್ ಒಳಗೆ ಗೋಡೆಗೆ ಅಂಟಿರೋ ಫೇಸ್ (ತೆಳು ಪದರ) ಪಾಲಿಸಿಲೋಕ್ಸೇನ್, ಅಂದ್ರೆ ಸಿಲಿಕಾನ್-ಆಕ್ಸಿಜನ್ ಸರಪಳಿ. ಬಿಸಿ ಜಾಸ್ತಿ ಆದ ಹಾಗೆ ಆ ಸರಪಳಿಯ ತುದಿ ತನ್ನ ಮೇಲೇ ಬಾಗಿ ಮೂರು ಅಥವಾ ನಾಲ್ಕು ಸಿಲಿಕಾನ್ ಇರೋ ಸಣ್ಣ ಉಂಗುರವಾಗಿ ಕಳಚಿಕೊಳ್ಳುತ್ತೆ, ಆ ಉಂಗುರ ಆವಿಯಾಗಿ ಡಿಟೆಕ್ಟರ್‌ಗೆ ಹೋಗುತ್ತೆ. ಇದು ಹೊಸ ಕಾಲಮಲ್ಲೂ ಆಗುತ್ತೆ, ನಿಲ್ಲಿಸೋಕಾಗಲ್ಲ, ಎಷ್ಟು ಅನ್ನೋದಷ್ಟೇ ಪ್ರಶ್ನೆ. ಕಾಲಮ್ ಉದ್ದ ಇದ್ರೆ ಜಾಸ್ತಿ, ಫಿಲ್ಮ್ ದಪ್ಪ ಇದ್ರೆ ಜಾಸ್ತಿ, ಪೋಲಾರ್ ಫೇಸ್ ಆದ್ರೆ ಜಾಸ್ತಿ, ಆಕ್ಸಿಜನ್ ಸಿಕ್ಕಿದ್ರಂತೂ ಕೇಳೋದೇ ಬೇಡ. ಈಗ ಇದರಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ: ಈ ಒಡೆಯೋ ಕ್ರಿಯೆ 30 ಮೀಟರ್ ಉದ್ದಕ್ಕೂ ಒಂದೇ ಸಮನೆ, ನಿಲ್ಲದೆ ನಡೀತಿರುತ್ತೆ. ಪೀಕ್ ಆಗ್ಬೇಕು ಅಂದ್ರೆ ಏನೋ ಒಂದು ಕಡೆ ಸೇರ್ಕೊಂಡು ಒಟ್ಟಿಗೆ ಹೊರಡಬೇಕು. ಹಾಗಾಗಿ ಕಾಲಮ್ ಬ್ಲೀಡ್ ಪೀಕ್ ಕೊಡೋಕೆ ಸಾಧ್ಯನೇ ಇಲ್ಲ. ನಿಮ್ಮ ಸಣ್ಣ ಪೀಕ್‌ಗಳು ಬ್ಲೀಡ್ ಅಲ್ಲ, ಅವು ಬೇರೆ ಎಲ್ಲಿಂದಲೋ ಬರ್ತಿವೆ, ಎಷ್ಟು ಬೇಕ್ ಮಾಡಿದ್ರೂ ಆ ಮೂಲ ಹೋಗಲ್ಲ.

ಆಕಾರ ನೋಡೋ ಅಭ್ಯಾಸ ಇಟ್ಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಪ್ರೋಗ್ರಾಂ ಕೊನೇಲಿ 320ರಲ್ಲಿ ಹತ್ತು-ಹದಿನೈದು ನಿಮಿಷ ಹೋಲ್ಡ್ ಕೊಡಿ, ಇಷ್ಟು ಹೋಲ್ಡ್ ಇಲ್ಲದಿದ್ರೆ ಏನೂ ಗೊತ್ತಾಗಲ್ಲ. ನಿಜವಾದ ಬ್ಲೀಡ್ ಆದ್ರೆ ಗೆರೆ ಕಾಲಮ್ ಲಿಮಿಟ್‌ಗೆ ಇನ್ನೂ ಮೂವತ್ತು-ನಲವತ್ತು ಡಿಗ್ರಿ ಇರೋವಾಗ ಜೋರಾಗಿ ಏರೋಕೆ ಶುರುಮಾಡಿ, ಓವನ್ ನಿಂತ ಕೂಡಲೇ ತಾನೂ ನಿಂತು ಹಾಗೇ ಮಟ್ಟಸವಾಗಿ ಹೋಗುತ್ತೆ. ಏರಿ, ಹೋಲ್ಡಲ್ಲೇ ನಿಧಾನ ಇಳೀತಾ ಬಂದ್ರೆ ಅದು ಕೊಳೆ, ಹಳೇ ಸ್ಯಾಂಪಲ್‌ನ ಭಾರವಾದ ಅಂಶ ಕರಗಿ ಹೋಗ್ತಿದೆ ಅಂತ ಅರ್ಥ. ಓವನ್ ನಿಂತ್ರೂ ಗೆರೆ ಏರ್ತಾನೇ ಇದ್ರೆ, ಅಥವಾ ದಿನದಿಂದ ದಿನಕ್ಕೆ ಆ ಮಟ್ಟ ಮೇಲೆ ಹೋಗ್ತಿದ್ರೆ ಎಲ್ಲೋ ಲೀಕ್ ಇದೆ, ಗಾಳಿ ಒಳಗೆ ಹೋಗಿ ಫೇಸ್ ಸುಡ್ತಿದೆ. ಒಂದಕ್ಕೊಂದು ಸಮ ಅಂತರದಲ್ಲಿ ಸಾಲಾಗಿ ನಿಂತ ಪೀಕ್‌ಗಳಾದ್ರೆ ನೇರ ಸೆಪ್ಟಮ್ ಕಡೆ ನೋಡಿ. ಸೆಪ್ಟಮ್ ಕೂಡ ಸಿಲಿಕೋನ್ ರಬ್ಬರೇ, ಅದರ ಸಣ್ಣ ತುಣುಕುಗಳು ಓವನ್ ತಣ್ಣಗಿರೋವಾಗ ಕಾಲಮ್ ಬಾಯಲ್ಲಿ ಸೇರ್ಕೊಂಡು ಪ್ರೋಗ್ರಾಂ ಏರಿದ ಹಾಗೆ ಸರಪಳಿ ಉದ್ದದ ಪ್ರಕಾರ ಒಂದೊಂದಾಗಿ ಹೊರಬೀಳ್ತವೆ. ಇನ್ನು ಹತ್ತು-ಹದಿನೈದು ನಿಮಿಷಕ್ಕೊಂದು ಸಲ ಅಲೆ ಥರ ಏರಿ ಇಳಿದ್ರೆ ಅದು ಕಾಲಮ್ಮೂ ಅಲ್ಲ ಸೆಪ್ಟಮ್ಮೂ ಅಲ್ಲ, ಕಂಪ್ರೆಸರ್ ಅಥವಾ ಹೈಡ್ರೋಜನ್ ಜನರೇಟರ್ ಆನ್-ಆಫ್ ಆಗೋ ಲಯ, ಇಲ್ಲಾ ರೂಮಿನ ಏಸಿ ಲಯ. ಗಡಿಯಾರ ಇಟ್ಕೊಂಡು ಎರಡನ್ನೂ ತಾಳೆ ನೋಡಿದ್ರೆ ಗೊತ್ತಾಗಿಬಿಡುತ್ತೆ.

ಈಗ ಕೆಲಸಕ್ಕೆ ಬರೋಣ. ಸ್ಪ್ಯಾನರ್ ಮುಟ್ಟೋ ಮುಂಚೆ ಮೂರು ಬ್ಲ್ಯಾಂಕ್ ರನ್ ಮಾಡಿ. ಸಾಲ್ವೆಂಟ್ ಬ್ಲ್ಯಾಂಕ್ ಅಲ್ಲ, ಇಂಜೆಕ್ಷನ್ನೇ ಇಲ್ಲದ ರನ್, ಸಿರಿಂಜ್ ಸೆಪ್ಟಮ್ ಮುಟ್ಟಬಾರದು, ಬರೀ ಸ್ಟಾರ್ಟ್ ಒತ್ತಿ. ಒಂದು ಮುಗಿದ ಕೂಡಲೇ ಇನ್ನೊಂದು ಹಾಕಿ. ಆಮೇಲೆ ಓವನ್ 40-50 ಡಿಗ್ರಿಲಿ, ಕ್ಯಾರಿಯರ್ ಹರೀತಾ, ಇಂಜೆಕ್ಟರ್ ಬಿಸಿ ಇರೋ ಹಾಗೇ ರಾತ್ರಿ ಬಿಟ್ಟು, ಬೆಳಗ್ಗೆ ಬೇರೇನೂ ಮಾಡದೆ ಮೂರನೇ ರನ್. ಬೆನ್ನಿಗೆ ಬೆನ್ನು ಹಾಕಿದ ಎರಡನೇ ರನ್ನಲ್ಲಿ ಪೀಕ್ ಚಿಕ್ಕದಾಗಿ, ರಾತ್ರಿ ಬಿಟ್ಟ ಮೇಲೆ ಅವೇ ಪೀಕ್ ದೊಡ್ಡದಾಗಿ ಬಂದ್ರೆ, ಕೊಳೆ ಕಾಲಮ್‌ಗಿಂತ ಮೇಲಿನಿಂದ, ಅಂದ್ರೆ ಗ್ಯಾಸ್ ಲೈನ್ ಅಥವಾ ಇಂಜೆಕ್ಟರಿಂದ ಒಂದೇ ಸಮನೆ ಬರ್ತಾ ತಣ್ಣಗಿರೋ ಕಾಲಮ್ ಬಾಯಲ್ಲಿ ಕೂಡಿಕೊಳ್ತಿದೆ ಅಂತ ಲೆಕ್ಕ. ಎಷ್ಟು ಹೊತ್ತು ಕಾದ್ರಿ ಅನ್ನೋದಕ್ಕೆ ತಕ್ಕ ಹಾಗೆ ಪೀಕ್ ಬೆಳೆಯುತ್ತೆ. ಹಾಗಾಗದೆ ಉಬ್ಬು ಪ್ರತಿ ರನ್ನಿಗೂ ಕಮ್ಮಿ ಆಗ್ತಾ ಹೋಗಿ, ರಾತ್ರಿ ಬಿಟ್ಟ ಮೇಲೂ ಮತ್ತೆ ಬೆಳೀದಿದ್ರೆ, ಅದು ಕಾಲಮ್ ಒಳಗೇ ಉಳ್ಕೊಂಡಿದ್ದ ಹಳೇ ಸ್ಯಾಂಪಲ್. ಮೂರೂ ರನ್ನಲ್ಲಿ ಏನೂ ವ್ಯತ್ಯಾಸ ಇಲ್ಲದೆ ಕೊನೇ ಮಟ್ಟ ಮಾತ್ರ 70ರಲ್ಲೇ ನಿಂತಿದ್ರೆ ಬ್ಲೀಡ್ ಮೇಲೆ ಅನುಮಾನ ಪಡಬಹುದು. ಯಾವ ಪಾರ್ಟೂ ಬಿಚ್ಚದೆ ಇಷ್ಟು ಸಿಗುತ್ತೆ.

ಆಮೇಲೆ ಮೆಷಿನ್ನನ್ನ ತುಂಡು ಮಾಡಿ ನೋಡಬೇಕು, ಡಿಟೆಕ್ಟರ್ ಕಡೆಯಿಂದ ಹಿಂದಕ್ಕೆ. ಓವನ್ ತಣ್ಣಗೆ ಮಾಡಿ, ಎಫ್‌ಐಡಿ ಹೈಡ್ರೋಜನ್ ಆಫ್ ಮಾಡಿ, ಕಾಲಮ್ ತುದಿಯನ್ನ ಡಿಟೆಕ್ಟರಿಂದ ತೆಗೆದು ಆ ಜಾಗಕ್ಕೆ ರಂಧ್ರ ಇಲ್ಲದ ಫೆರುಲ್ (ನಟ್ ಒಳಗೆ ಕೂರೋ ಸೀಲ್) ಹಾಕಿ ನಟ್ ಬಿಗಿ ಮಾಡಿ. ಇದೊಂದು ದಯವಿಟ್ಟು ಮರೀಬೇಡಿ: ಆ ಬಾಯಿ ತೆರೆದಿಟ್ಟು ಹೈಡ್ರೋಜನ್ ಆನ್ ಮಾಡಿದ್ರೆ ಗ್ಯಾಸ್ ನೇರ ಓವನ್ ಒಳಗೆ ತುಂಬ್ಕೊಳ್ಳುತ್ತೆ, ಓವನ್ ಹೀಟರ್ ಆನ್ ಆದಾಗ ಸ್ಫೋಟ ಆಗ್ಬಹುದು. ಬ್ಲ್ಯಾಂಕ್ ನಟ್ ಬಿಗಿ ಆಗಿದೆ ಅಂತ ಖಾತ್ರಿ ಆದ ಮೇಲೇ ಜ್ವಾಲೆ ಹಚ್ಚಿ, ಡಿಟೆಕ್ಟರ್ ಅದರ ಮಾಮೂಲಿ ಟೆಂಪರೇಚರಲ್ಲೇ ಇರ್ಲಿ. ಬಿಚ್ಚಿದ ಕಾಲಮ್ ತುದಿ ಓವನ್ ಒಳಗೇ ತೆರೆದು ಬಿಸಿ ಆಗೋದು ಬೇಡ, ಇಂಜೆಕ್ಟರ್ ಕಡೆಯಿಂದಲೂ ತೆಗೆದು ಎರಡೂ ತುದಿಗೆ ಸೆಪ್ಟಮ್ ತುಂಡು ಚುಚ್ಚಿ ಪಕ್ಕಕ್ಕಿಡಿ. ಈಗ ಅದೇ ಪ್ರೋಗ್ರಾಂ ಓಡಿಸಿ. ಡಿಟೆಕ್ಟರೂ ಅದರ ಗ್ಯಾಸೂ ಚೆನ್ನಾಗಿದ್ರೆ ಓವನ್ ಎಷ್ಟೇ ಏರಿದ್ರೂ ಗೆರೆ ಹೆಚ್ಚು ಕಮ್ಮಿ ಚಪ್ಪಟೆಯಾಗಿ, ಸಾಮಾನ್ಯವಾಗಿ 5ರಿಂದ 20 ಪಿಕೋಆಂಪ್ ಒಳಗೆ ಇರುತ್ತೆ. ಇಲ್ಲೇ 40-50 ತೋರಿಸಿದ್ರೆ ಕಾಲಮ್ ವಿಷಯ ಬಿಟ್ಹಾಕಿ, ಹೈಡ್ರೋಜನ್ನಲ್ಲೋ ಗಾಳಿಲೋ ಮೇಕಪ್ಪಲ್ಲೋ (ಡಿಟೆಕ್ಟರ್‌ಗೆ ಸೇರಿಸೋ ಹೆಚ್ಚುವರಿ ಗ್ಯಾಸ್) ಹೈಡ್ರೋಕಾರ್ಬನ್ ಇದೆ, ಇಲ್ಲಾ ಡಿಟೆಕ್ಟರ್ ಒಳಗೆ ಕೊಳೆ. ಮೇಕಪ್ ಆಫ್ ಮಾಡಿ ನೋಡಿ, ಕಮ್ಮಿ ಆದ್ರೆ ಆ ಸಿಲಿಂಡರ್. ಜ್ವಾಲೆ ಆರಿಸಿ ಕರೆಂಟ್ ಅಳೆಯೋ ಎಲೆಕ್ಟ್ರೋಮೀಟರ್ ಮಾತ್ರ ಆನ್ ಇಟ್ಟು ನೋಡಿ, ಒಂದೆರಡು ಪಿಕೋಆಂಪ್ ಒಳಗೆ ಬರಬೇಕು, ಜ್ವಾಲೆನೇ ಇಲ್ದೆ ಹತ್ತಿಪ್ಪತ್ತು ತೋರಿಸಿದ್ರೆ ಕಲೆಕ್ಟರ್ (ಜ್ವಾಲೆಯ ಕರೆಂಟ್ ಹಿಡಿಯೋ ಭಾಗ) ಸುತ್ತ ಇರೋ ಇನ್ಸುಲೇಟರ್‌ಗಳು ಕೊಳೆ ಹಿಡಿದಿವೆ ಅಥವಾ ತೇವ ಇದೆ, ಕರೆಂಟ್ ಅಲ್ಲಿಂದ ಸೋರ್ತಿದೆ.

ಡಿಟೆಕ್ಟರ್ ಪಾಸಾಯ್ತು ಅಂದ್ಕೊಳ್ಳಿ. ಮುಂದಿನ ಹೆಜ್ಜೆ ಕಾಲಮ್ ಇಲ್ಲದೆ ಇಂಜೆಕ್ಟರ್ ಮತ್ತೆ ಡಿಟೆಕ್ಟರ್ ಸೇರಿಸೋದು, ಫೇಸ್ ಇಲ್ಲದ ಡಿಆಕ್ಟಿವೇಟೆಡ್ ಫ್ಯೂಸ್ಡ್ ಸಿಲಿಕಾ ಟ್ಯೂಬಿಂದ. ಎಲ್ಲರೂ "ಒಂದು-ಎರಡು ಮೀಟರ್ ಟ್ಯೂಬ್ ಹಾಕಿ" ಅಂತ ಹೇಳಿ ಬಿಟ್ಬಿಡ್ತಾರೆ, ಹಾಕಿದ ಮೇಲೆ ತೊಂದರೆ ಶುರು, ಯಾಕಂದ್ರೆ 0.25 ಎಂಎಂ ಟ್ಯೂಬ್ ಒಂದು ಮೀಟರ್ ಮಾತ್ರ ಇದ್ರೆ ಅದರಲ್ಲಿ ಪ್ರತಿರೋಧನೇ ಇರಲ್ಲ, ನಿಮ್ಮ ಮಾಮೂಲಿ ಪ್ರೆಷರ್ ಕೊಟ್ರೆ ಕ್ಯಾರಿಯರ್ ಧೋ ಅಂತ ನುಗ್ಗಿ ಜ್ವಾಲೆನೇ ಆರಿಹೋಗುತ್ತೆ. ಪ್ರತಿರೋಧ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ, ಅಂದ್ರೆ 0.25ರಿಂದ 0.1ಕ್ಕೆ ಇಳಿದ್ರೆ 39 ಪಟ್ಟು ಜಾಸ್ತಿ. ಹಾಗಾಗಿ 0.1 ಎಂಎಂ ಐಡಿ ಟ್ಯೂಬ್ 80 ಸೆಂಟಿಮೀಟರ್ ಆಸುಪಾಸು ತಗೊಂಡ್ರೆ ನಿಮ್ಮ 30 ಮೀಟರ್ ಕಾಲಮ್‌ಗೆ ಹೆಚ್ಚು ಕಮ್ಮಿ ಸಮ, ಅದೇ ಪ್ರೆಷರಲ್ಲಿ ಅಷ್ಟೇ ಫ್ಲೋ ಬರುತ್ತೆ. ಅದು ಸಿಗಲಿಲ್ಲ ಅಂದ್ರೆ ಇರೋ ಟ್ಯೂಬ್ ಅಳತೆಯನ್ನ ಸಾಫ್ಟ್‌ವೇರಲ್ಲಿ ಸರಿಯಾಗಿ ಹಾಕಿ ಪ್ರೆಷರ್ ತೀರಾ ಕಮ್ಮಿ ಇಡಿ. ಇದರಲ್ಲಿ ಪ್ರೋಗ್ರಾಂ ಓಡಿಸಿದಾಗ ಗೆರೆ ಚಪ್ಪಟೆ ಬಂದ್ರೆ ಇಂಜೆಕ್ಟರೂ ಕ್ಯಾರಿಯರೂ ಬಹುಮಟ್ಟಿಗೆ ಸರಿ, ತಪ್ಪು ಕಾಲಮಲ್ಲಿ. ಗೆರೆ ಕೆಟ್ಟಿದ್ರೆ, ಕಾಲಮ್ ಅಲ್ಲಿ ಇಲ್ವಲ್ಲ, ಹಾಗಾಗಿ ತಪ್ಪು ಇಂಜೆಕ್ಟರಲ್ಲೋ ಗ್ಯಾಸಲ್ಲೋ ಇರಲೇಬೇಕು. ಒಂದು ಎಚ್ಚರಿಕೆ, ಟ್ಯೂಬಲ್ಲಿ ಫೇಸ್ ಇಲ್ಲದ್ದರಿಂದ ಕಮ್ಮಿ ಪ್ರಮಾಣದ ಕೊಳೆ ಕೂಡಿಕೊಳ್ಳದೆ ಸುಮ್ನೆ ಹರಿದು ಹೋಗುತ್ತೆ, ಪೀಕ್ ಕಾಣಲ್ಲ, ಗೆರೆ ಸ್ವಲ್ಪ ಎತ್ತರದಲ್ಲಿ ಕಾಣುತ್ತೆ ಅಷ್ಟೇ. ಹಾಗಾಗಿ ಮೇಲೆ ಹೇಳಿದ ರಾತ್ರಿ ಬಿಡೋ ರನ್ನಿನ ಫಲಿತಾಂಶದ ಜೊತೆ ಸೇರಿಸಿಯೇ ಓದಬೇಕು.

ನಿಮ್ಮ ವಿಷಯದಲ್ಲಿ ನನಗೆ ಇಂಜೆಕ್ಟರ್ ಮೇಲೇ ಜಾಸ್ತಿ ಅನುಮಾನ. ಸೆಪ್ಟಮ್ ಲೈನರ್ ಬದಲಾಯಿಸಿದ್ರೂ ಅಲ್ಲಿ ಇನ್ನೂ ಎಷ್ಟೋ ಜಾಗ ಇದೆ. ಒಂದು ಸುಲಭದ ಪರೀಕ್ಷೆ ಹೇಳ್ತೀನಿ: ಇಂಜೆಕ್ಟರ್ ಟೆಂಪರೇಚರ್ 100ಕ್ಕೆ ಇಳಿಸಿ, ಬೇರೆಲ್ಲ ಹಾಗೇ ಇಟ್ಟು, ಇಂಜೆಕ್ಷನ್ ಇಲ್ಲದ ರನ್ ಹಾಕಿ. ಸಣ್ಣ ಪೀಕ್‌ಗಳು ಮಾಯ ಆದ್ರೆ ಅಥವಾ ಗಣನೀಯವಾಗಿ ಕಮ್ಮಿ ಆದ್ರೆ ಅವು ಇಂಜೆಕ್ಟರ್ ಒಳಗಿಂದಲೇ ಬರ್ತಿದ್ವು. ಆಗ ಲೈನರ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಗಾಜಿನ ಉಣ್ಣೆ ಮೇಲೆ ಸಾಸಿವೆಗಿಂತ ಚಿಕ್ಕ ಸೆಪ್ಟಮ್ ಚೂರುಗಳು ಕೂತಿರ್ತವೆ, ಇಂಜೆಕ್ಟರ್ ಬಿಸಿಗೆ ಅವು ದಿನವಿಡೀ ಸಿಲೋಕ್ಸೇನ್ ಬಿಡ್ತಾನೇ ಇರ್ತವೆ. ಹೊಸ ಸೆಪ್ಟಮ್ ಹಾಕಿದ್ರೂ ಹಳೇ ಚೂರು ತಳದ ಸೀಲ್ ಮೇಲೆ ಬಿದ್ದಿದ್ರೆ ಪೀಕ್ ಬರ್ತಾನೇ ಇರುತ್ತೆ. ಸೆಪ್ಟಮ್ ನಟ್ಟನ್ನ ಶಕ್ತಿಯೆಲ್ಲ ಹಾಕಿ ಬಿಗಿ ಮಾಡೋದು ಬಿಡಿ, ಹಾಗೆ ಮಾಡಿದ್ರೆ ರಬ್ಬರ್ ಬಿಗಿದು ಸೂಜಿ ಹೋದಾಗಲೆಲ್ಲ ಚೂರು ಕಿತ್ತು ಒಳಗೆ ಬೀಳುತ್ತೆ. ಸೆಪ್ಟಮ್ ಪರ್ಜ್ (ಸೆಪ್ಟಮ್ ಕೆಳಗಿನ ಕೊಳೆ ಹೊರಹಾಕೋ ಸಣ್ಣ ಹರಿವು) 3 ಎಂಎಲ್ ಪ್ರತಿ ನಿಮಿಷಕ್ಕೆ ನಿಜವಾಗ್ಲೂ ಹೋಗ್ತಿದೆಯಾ ಅಂತ ಫ್ಲೋ ಮೀಟರ್ ಇಟ್ಟು ನೋಡಿ, ಸ್ಕ್ರೀನಲ್ಲಿ ತೋರಿಸೋ ನಂಬರ್ ನಂಬಬೇಡಿ.

ಇಂಜೆಕ್ಟರ್ ಕೊಳೆ ಆಗೋಕೆ ಇನ್ನೊಂದು ದೊಡ್ಡ ಕಾರಣ ಇದೆ, ಅದನ್ನ ಯಾರೂ ಬೇಸ್‌ಲೈನ್ ಜೊತೆ ಸೇರಿಸಿ ಯೋಚಿಸಲ್ಲ, ಬ್ಯಾಕ್‌ಫ್ಲ್ಯಾಶ್. 250 ಡಿಗ್ರಿಲಿ, 10 ಪಿಎಸ್‌ಐ ಪ್ರೆಷರಲ್ಲಿ 1 ಮೈಕ್ರೋಲೀಟರ್ ಹೆಕ್ಸೇನ್ ಸುಮಾರು 200 ಮೈಕ್ರೋಲೀಟರ್ ಆವಿ ಆಗುತ್ತೆ, ಅದೇ 1 ಮೈಕ್ರೋಲೀಟರ್ ನೀರು 1400 ಮೈಕ್ರೋಲೀಟರ್ ಹತ್ರ ಆಗುತ್ತೆ. 4 ಎಂಎಂ ಐಡಿ ಲೈನರ್ ಪೂರ್ತಿ ಖಾಲಿ ಇದ್ರೂ ಹಿಡಿಯೋದು 900ರ ಆಸುಪಾಸು. ಉಳಿದಿದ್ದೆಲ್ಲ ಮೇಲಕ್ಕೆ ನುಗ್ಗಿ ಸೆಪ್ಟಮ್ ಪರ್ಜ್ ಲೈನಿಗೆ, ಕ್ಯಾರಿಯರ್ ಬರೋ ಲೈನಿಗೆ ಹೋಗಿ ತಣ್ಣಗಿರೋ ಲೋಹದ ಮೇಲೆ ಅಂಟ್ಕೊಳ್ಳುತ್ತೆ. ಆಮೇಲೆ ಅದು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರ್ತಾ ಇರುತ್ತೆ, ನಿಮಗೆ ಲೈನರ್ ಬದಲಾಯಿಸಿದ್ರೂ ಹೋಗದ ಉಬ್ಬು, ಗೋಸ್ಟ್ ಪೀಕ್ (ಸ್ಯಾಂಪಲಲ್ಲಿ ಇಲ್ಲದ ಪೀಕ್) ಕಾಣುತ್ತೆ. ನೀವು ನೀರು ಅಥವಾ ಮೆಥನಾಲ್ ಇರೋ ಸ್ಯಾಂಪಲ್ ಹಾಕ್ತಿದ್ರೆ, ಅದೂ ಎರಡು ಮೈಕ್ರೋಲೀಟರ್ ಹಾಕ್ತಿದ್ರೆ, ಇದೇ ಕಾರಣ ಇರಬಹುದು. ಸ್ಪ್ಲಿಟ್ ವೆಂಟ್ (ಇಂಜೆಕ್ಟರಿಂದ ಹೆಚ್ಚಿನ ಗ್ಯಾಸ್ ಹೊರಹೋಗೋ) ಲೈನ್ ಮತ್ತೆ ಅದರ ಟ್ರ್ಯಾಪ್ ಕೂಡ ನೋಡಿ, ಅದು ಕಟ್ಟಿಕೊಂಡಿದ್ರೆ ಪ್ರೆಷರ್ ನಿಲ್ಲಲ್ಲ, ಪೀಕ್ ಏರಿಯಾನೂ ಕುಣಿಯುತ್ತೆ.

ಗ್ಯಾಸ್ ವಿಷಯ. ಕ್ಯಾರಿಯರ್ 99.999 ಪರ್ಸೆಂಟ್‌ಗಿಂತ ಕಮ್ಮಿ ಬೇಡ, ಆದ್ರೆ ಸಿಲಿಂಡರ್ ಮೇಲೆ ಬರೆದಿರೋ ಶುದ್ಧತೆ ಸಿಲಿಂಡರ್ ಬಾಯಿ ತನಕ ಮಾತ್ರ ಲೆಕ್ಕಕ್ಕೆ, ಅಲ್ಲಿಂದ ಜಿಸಿ ತನಕ ಇರೋ ಪ್ರತಿ ಜಾಯಿಂಟೂ ಗಾಳಿ ಎಳ್ಕೊಳ್ಳಬಹುದು. ಒಳಗೆ ಪ್ರೆಷರ್ ಇರೋವಾಗ ಗಾಳಿ ಹೇಗೆ ಒಳಗೆ ಬರುತ್ತೆ ಅಂತ ಕೇಳ್ತಾರೆ, ಬರುತ್ತೆ, ಲೈನ್ ಒಳಗೆ ಆಕ್ಸಿಜನ್ ಅಂಶ ಹೆಚ್ಚು ಕಮ್ಮಿ ಸೊನ್ನೆ, ಹೊರಗೆ 21 ಪರ್ಸೆಂಟ್, ಆ ವ್ಯತ್ಯಾಸಕ್ಕೇ ಅದು ಸಣ್ಣ ಸಂದಿಯಲ್ಲಿ ಹಿಂದಕ್ಕೆ ನುಸುಳುತ್ತೆ. ಬೇಸ್‌ಲೈನ್ ಕೆಟ್ಟಿದ್ದು ಸಿಲಿಂಡರ್ ಬದಲಾಯಿಸಿದ ಹೊತ್ತಿಗೇನಾ ಅಂತ ಲಾಗ್ ಬುಕ್ ನೋಡಿ, ಬದಲಾಯಿಸೋವಾಗ ಲೈನಿಗೆ ಗಾಳಿ ಹೋಗೋದು ತುಂಬಾ ಸಾಮಾನ್ಯ. ಆಕ್ಸಿಜನ್ ಟ್ರ್ಯಾಪ್ ಜಿಸಿಗೆ ಹತ್ತಿರ, ಕೊನೇಲಿ ಇರ್ಲಿ, ತೇವ ಮತ್ತೆ ಹೈಡ್ರೋಕಾರ್ಬನ್ ಟ್ರ್ಯಾಪ್ ಅದಕ್ಕೂ ಮುಂಚೆ, ಇಲ್ಲಾಂದ್ರೆ ಅವು ಆಕ್ಸಿಜನ್ ಟ್ರ್ಯಾಪನ್ನ ಬೇಗ ಹಾಳು ಮಾಡ್ತವೆ. ಲೀಕ್ ನೋಡೋಕೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಬಳಸಿ. ಸೋಪಿನ ನೀರು ಕಾಲಮ್ ಜಾಯಿಂಟ್ ಹತ್ರ ಬೇಡವೇ ಬೇಡ, ಲೀಕ್ ಇದ್ರೆ ಅದೇ ಸೋಪು ಒಳಗೆ ಹೋಗಿ ಇನ್ನೊಂದು ತಿಂಗಳು ಕಾಡುತ್ತೆ. ವೆಸ್ಪೆಲ್-ಗ್ರಾಫೈಟ್ ಫೆರುಲ್ ಇದ್ರೆ ಅವು ಬಿಸಿ-ತಣ್ಣಗೆ ಆಗ್ತಾ ಕುಗ್ಗಿ ಸಡಿಲ ಆಗ್ತವೆ, ಹೊಸದು ಹಾಕಿದ ಮೇಲೆ ಕೆಲವು ರನ್ ಆದ ನಂತರ ತಣ್ಣಗೆ ಮಾಡಿ ಇನ್ನೊಂಚೂರು ಬಿಗಿ ಮಾಡಲೇಬೇಕು.

ಈಗ ಆ 340ರ ವಿಷಯ. ನಿಮ್ಮ ಥರದ 5 ಪರ್ಸೆಂಟ್ ಫಿನೈಲ್ ಕಾಲಮ್‌ಗಳ ಟ್ಯಾಗ್ ಮೇಲೆ ಸಾಮಾನ್ಯವಾಗಿ 325/350 ಅಂತ ಎರಡು ನಂಬರ್ ಇರುತ್ತೆ, ನಿಮ್ಮದರ ಟ್ಯಾಗ್ ಒಮ್ಮೆ ನೋಡಿ. ಮೊದಲನೇದು ಎಷ್ಟು ಹೊತ್ತು ಬೇಕಾದ್ರೂ ಇಡಬಹುದಾದ ಟೆಂಪರೇಚರ್, ಎರಡನೇದು ಪ್ರೋಗ್ರಾಂ ಕೊನೇಲಿ ಸ್ವಲ್ಪ ಹೊತ್ತು ಮುಟ್ಟಿ ಬರೋಕೆ ಮಾತ್ರ. ರಾತ್ರಿಯಿಡೀ 340 ಅಂದ್ರೆ ಮೊದಲನೇ ಲಿಮಿಟ್ ದಾಟಿ ಎಂಟು-ಹತ್ತು ಗಂಟೆ ನಿಂತ ಹಾಗೆ, ಮೇಲೆ ಎಲ್ಲಾದ್ರೂ ಲೀಕ್ ಇದ್ದಿದ್ರೆ ಅಷ್ಟು ಹೊತ್ತೂ ಆಕ್ಸಿಜನ್ ಫೇಸನ್ನ ತಿಂದಿದೆ. ಬೇಕ್ ಮಾಡಿದ ಮೇಲೆ ಬೇಸ್‌ಲೈನ್ ಇಳಿಯೋ ಬದಲು ಏರಿದ್ದು ಆ ಬಿಸಿಯ ಪೆಟ್ಟಿನ ಕಡೆಗೆ, ಜೊತೆಗೆ ಲೀಕ್ ಕಡೆಗೂ ಬೆರಳು ತೋರಿಸ್ತಿದೆ. ಬರೀ ಕೊಳೆ ಆಗಿದ್ರೆ ಸ್ವಲ್ಪನಾದ್ರೂ ಇಳೀಬೇಕಿತ್ತು.

ಪರೀಕ್ಷೆಗಳು ಕಾಲಮ್ ಕಡೆಗೇ ಬಂದು ನಿಂತ್ರೆ, ಲೀಕ್ ಸರಿ ಮಾಡಿದ ಮೇಲೆ ಅದಕ್ಕೊಂದು ಅವಕಾಶ ಕೊಡಿ. ಇಂಜೆಕ್ಟರ್ ಕಡೆ ಅರ್ಧ ಮೀಟರ್ ಕತ್ತರಿಸಿ, ಭಾರವಾದ ಕೊಳೆಯೆಲ್ಲ ಅಲ್ಲೇ ಇರೋದು, ಕೆಲವೊಮ್ಮೆ ಮೊದಲ ಸುತ್ತು ಕಂದು ಬಣ್ಣಕ್ಕೆ ತಿರುಗಿರೋದು ಕಣ್ಣಿಗೇ ಕಾಣುತ್ತೆ. ಕತ್ತರಿಸಿದ ತುದಿಯನ್ನ ಭೂತಗನ್ನಡಿಲಿ ನೋಡಿ, ಅಂಚು ನೇರವಾಗಿರಬೇಕು, ಹಲ್ಲು ಹಲ್ಲಾಗಿದ್ರೆ ಅಥವಾ ಹೊರಗಿನ ಪಾಲಿಇಮೈಡ್ ಸಿಪ್ಪೆ ಇಣುಕ್ತಿದ್ರೆ ಮತ್ತೆ ಕತ್ತರಿಸಿ, ಆ ಸಿಪ್ಪೆನೂ ಇಂಜೆಕ್ಟರ್ ಬಿಸಿಗೆ ಸೀದು ಪೀಕ್ ಕೊಡುತ್ತೆ. ಇಂಜೆಕ್ಟರ್ ಕಡೆ ಮಾತ್ರ ಜೋಡಿಸಿ, ಓವನ್ ಬಿಸಿ ಮಾಡೋ ಮುಂಚೆ 15-20 ನಿಮಿಷ ರೂಮ್ ಟೆಂಪರೇಚರಲ್ಲೇ ಕ್ಯಾರಿಯರ್ ಹರಿಸಿ, ಈ ಹೆಜ್ಜೆ ಯಾರೂ ಬಿಡಬಾರದು, ಒಳಗಿನ ಗಾಳಿ ಪೂರ್ತಿ ಹೋಗದೆ ಬಿಸಿ ಮಾಡಿದ್ರೆ ಹೊಸ ಕಾಲಮ್ ಕೂಡ ಹಾಳಾಗುತ್ತೆ. ಕ್ಯಾರಿಯರ್ ಹೈಡ್ರೋಜನ್ ಇರೋರು ಮಾತ್ರ ತುದಿಯನ್ನ ಓವನ್ ಒಳಗೆ ಬಿಡಬಾರದು. ಆಮೇಲೆ ನಿಮ್ಮ ಮೆಥಡ್‌ನ ಕೊನೇ ಟೆಂಪರೇಚರ್‌ಗಿಂತ 20 ಡಿಗ್ರಿ ಜಾಸ್ತಿ ಅಥವಾ ಟ್ಯಾಗಿನ ಮೊದಲನೇ ನಂಬರ್, ಎರಡರಲ್ಲಿ ಯಾವುದು ಕಮ್ಮಿಯೋ ಅಲ್ಲಿಗೆ, ಟ್ಯಾಗಲ್ಲಿ 325 ಇದ್ರೆ 325ಕ್ಕೇ, ಒಂದೆರಡು ಗಂಟೆ. ಅಷ್ಟೇ ಸಾಕು. ಡಿಟೆಕ್ಟರ್‌ಗೆ ಜೋಡಿಸಿ ಬೇಸ್‌ಲೈನ್ ನೋಡಿ. ಇಳಿದು ಒಂದು ಮಟ್ಟಕ್ಕೆ ಬಂದು ನಿಂತ್ರೆ ಇನ್ನೂ ಬೇಕ್ ಮಾಡಿ ಪ್ರಯೋಜನ ಇಲ್ಲ, ಆ ಕಾಲಮ್ ಕೊಡೋದು ಅಷ್ಟೇ.

ಆ ಮಟ್ಟ 40 ಇದ್ರೂ ಕಾಲಮ್ ಎಸೆಯೋ ತೀರ್ಮಾನ ಬೇಸ್‌ಲೈನ್ ನೋಡಿ ಮಾಡ್ಬೇಡಿ. ಟೆಸ್ಟ್ ಮಿಕ್ಸ್ (ಗೊತ್ತಿರೋ ಕಾಂಪೌಂಡ್‌ಗಳ ಮಿಶ್ರಣ) ಹಾಕಿ, ಆಲ್ಕೋಹಾಲ್, ಅಮೈನ್, ಫೀನಾಲ್ ಥರದ ಪೀಕ್‌ಗಳಿಗೆ ಬಾಲ ಬಂದಿದೆಯಾ, ರಿಟೆನ್ಷನ್ (ಕಾಲಮಲ್ಲಿ ಉಳಿಯೋ ಸಮಯ) ಮುಂಚೆಗಿಂತ ಕಮ್ಮಿ ಆಗಿದೆಯಾ ನೋಡಿ. ಫೇಸ್ ಒಡೆದು ಹೋದ ಕಡೆ ಬರೀ ಗಾಜು ಕಾಣ್ಸುತ್ತೆ, ಈ ಪೋಲಾರ್ ಕಾಂಪೌಂಡ್‌ಗಳು ಅದಕ್ಕೆ ಅಂಟ್ಕೊಂಡು ಬಾಲ ಬಿಡ್ತವೆ. ಪೀಕ್ ಆಕಾರ ಚೆನ್ನಾಗಿದ್ದು ಬರೀ ಬೇಸ್‌ಲೈನ್ ಸ್ವಲ್ಪ ಎತ್ತರ ಇದ್ರೆ, 250 ಡಿಗ್ರಿ ಒಳಗೆ ಮುಗಿಯೋ ಮೆಥಡ್‌ಗಳಿಗೆ ಆ ಕಾಲಮ್ ಇನ್ನೂ ಬೇಕಾದಷ್ಟು ದಿನ ಬರುತ್ತೆ.

ಸ್ಪೈಕ್‌ಗಳನ್ನ ಪೂರ್ತಿ ಬೇರೆ ಕೇಸ್ ಅಂತ ನೋಡಿ. ಒಂದೇ ಪಾಯಿಂಟ್ ಅಗಲದ ಸೂಜಿ ಪೀಕ್ ಕಾಲಮಿಂದ ಬರೋಕೆ ಸಾಧ್ಯ ಇಲ್ಲ, ಕಾಲಮ್ ಒಳಗೆ ಹಾದು ಬಂದಿದ್ದಕ್ಕೆ ಸ್ವಲ್ಪನಾದ್ರೂ ಅಗಲ ಇದ್ದೇ ಇರುತ್ತೆ. ಯಾವುದೋ ಕಣ ಜ್ವಾಲೆಗೆ ಬೀಳ್ತಿದೆ ಅಥವಾ ಕರೆಂಟಿನ ತೊಂದರೆ. ಬ್ಲೀಡ್ ಜಾಸ್ತಿ ಇರೋ ಎಫ್‌ಐಡಿಲಿ ಸಿಲೋಕ್ಸೇನ್ ಉರಿದು ಸಿಲಿಕಾ ಆಗುತ್ತೆ, ಜೆಟ್ (ಜ್ವಾಲೆ ಉರಿಯೋ ಸಣ್ಣ ನಳಿಕೆ) ತುದಿಲಿ, ಕಲೆಕ್ಟರ್ ಒಳಗೆ ಬಿಳಿ ಪುಡಿ ಕೂರುತ್ತೆ, ಅದರ ಹರಳು ಉದುರಿದಾಗಲೆಲ್ಲ ಒಂದು ಸ್ಪೈಕ್. ಅಂದ್ರೆ ನಿಮ್ಮ ಏರಿಕೆ ಮತ್ತೆ ಸ್ಪೈಕ್ ಒಂದಕ್ಕೊಂದು ಸಂಬಂಧ ಇದ್ರೂ ಇರಬಹುದು, ಬ್ಲೀಡ್ ಸರಿ ಮಾಡಿದ್ರೂ ಜೆಟ್ ಶುಚಿ ಮಾಡೋವರೆಗೆ ಸ್ಪೈಕ್ ಹೋಗಲ್ಲ. ಕಲೆಕ್ಟರ್ ಬಿಚ್ಚಿ ಸಾಲ್ವೆಂಟ್, ಅಲ್ಟ್ರಾಸಾನಿಕ್ ಬಾತಲ್ಲಿ ತೊಳೆದು ಪೂರ್ತಿ ಒಣಗಿಸಿ, ಜೆಟ್‌ಗೆ ತಂತಿ ಹಾಕಿ ಗೀರೋ ಬದಲು ಬದಲಾಯಿಸೋದೇ ಮೇಲು. ಕಾಲಮ್ ತುದಿ ಜೆಟ್‌ನಿಂದ ಹೊರಗೆ ಇಣುಕಿ ಜ್ವಾಲೆಗೆ ತಾಗ್ತಿದ್ರೆ ಪಾಲಿಇಮೈಡ್ ಸುಟ್ಟು ಇದೇ ಥರ ಗದ್ದಲ ಬರುತ್ತೆ, ನಿಮ್ಮ ಮೆಷಿನ್ ಮ್ಯಾನುಯಲ್ ಹೇಳಿದ ಉದ್ದಕ್ಕೆ ಸರಿ ಮಾಡಿ, ಜೆಟ್ ತುದಿಗೆ ಒಂದೆರಡು ಎಂಎಂ ಕೆಳಗೆ ಇರೋದು ವಾಡಿಕೆ. ಎಫ್‌ಐಡಿ 150 ಡಿಗ್ರಿ ಕೆಳಗೆ ಇರೋವಾಗ ಹಚ್ಚೋದು ಬೇಡ, ಹೈಡ್ರೋಜನ್ ಉರಿದ್ರೆ ಬರೋದು ನೀರು, ಅದು ಅಲ್ಲೇ ಹನಿಯಾಗಿ ಕೂತು ತುಕ್ಕು, ಗದ್ದಲ ಎರಡೂ ತರುತ್ತೆ. 320ಕ್ಕೆ ಹೋಗೋ ಮೆಥಡ್‌ಗೆ ಡಿಟೆಕ್ಟರ್ 330-340 ಇಡಿ. ಹೈಡ್ರೋಜನ್ 30-40, ಗಾಳಿ 300-400 ಎಂಎಲ್ ಪ್ರತಿ ನಿಮಿಷಕ್ಕೆ, ಅಂದ್ರೆ ಒಂದಕ್ಕೆ ಹತ್ತರ ಲೆಕ್ಕ, ಇದನ್ನೂ ಅಳೆದೇ ಖಾತ್ರಿ ಮಾಡ್ಕೊಳ್ಳಿ.

ಎಂಎಸ್ (ಮಾಸ್ ಸ್ಪೆಕ್ಟ್ರೋಮೀಟರ್) ಇರೋರಿಗೆ ಇದೆಲ್ಲ ಇನ್ನೂ ಸುಲಭ, ಎತ್ತರ ಇರೋ ಬೇಸ್‌ಲೈನಲ್ಲಿ ಮಾಸ್ 207, 281 ಎದ್ದು ಕಂಡ್ರೆ ಸಿಲೋಕ್ಸೇನ್, 28 (ನೈಟ್ರೋಜನ್) ಮತ್ತೆ 32 (ಆಕ್ಸಿಜನ್) ಹೆಚ್ಚು ಕಮ್ಮಿ ನಾಲ್ಕಕ್ಕೆ ಒಂದರ ಅನುಪಾತದಲ್ಲಿ ಜಾಸ್ತಿ ಇದ್ರೆ ಗಾಳಿ ಲೀಕ್. ಟಿಸಿಡಿ (ಉಷ್ಣವಾಹಕತೆ ಅಳೆಯೋ ಡಿಟೆಕ್ಟರ್) ಇದ್ರೆ ಫ್ಲೋ ಮತ್ತೆ ರೂಮ್ ಟೆಂಪರೇಚರ್ ಮೊದಲು ನೋಡಿ.

ಕೊನೇ ಪ್ರಶ್ನೆ, ಸಾಫ್ಟ್‌ವೇರಲ್ಲಿ ಬೇಸ್‌ಲೈನ್ ಕಳೆಯೋದು. ಆರೋಗ್ಯವಾಗಿರೋ ಕಾಲಮ್‌ನ ಮಾಮೂಲಿ ಏರಿಕೆಗೆ ಅದು ಒಳ್ಳೆ ಸೌಲಭ್ಯ, ಇಂಟಿಗ್ರೇಷನ್ ಸುಲಭ ಆಗುತ್ತೆ, ನಿಮ್ಮ ವ್ಯಾಲಿಡೇಟೆಡ್ ಮೆಥಡ್ ಒಪ್ಪಿದ್ರೆ ಧಾರಾಳವಾಗಿ ಬಳಸಿ. ಈಗಿರೋ ಸ್ಥಿತಿಲಿ ಬೇಡ. ಕಳೆಯೋಕೆ ಬೇಸ್‌ಲೈನ್ ಪ್ರತಿ ರನ್ನಿಗೂ ಒಂದೇ ಥರ ಬರಬೇಕು, ನಿಮ್ಮದು ಎಷ್ಟು ಹೊತ್ತು ಕಾದ್ರಿ ಅನ್ನೋದರ ಮೇಲೆ ಬದಲಾಗ್ತಿರೋ ಹಾಗಿದೆ, ಸೀಕ್ವೆನ್ಸ್‌ನ ಮೊದಲ ಸ್ಯಾಂಪಲ್‌ಗೆ ಒಂದು ಉಬ್ಬು, ಹತ್ತನೇದಕ್ಕೆ ಇನ್ನೊಂದು. ಕಳೆದ ಮೇಲೆ ಕೆಲವು ಕಡೆ ಇಲ್ಲದ ಪೀಕ್ ಹುಟ್ಟುತ್ತೆ, ಕೆಲವು ಕಡೆ ಇರೋ ಪೀಕ್ ತಗ್ಗಾಗುತ್ತೆ. ಗದ್ದಲ ಅಂತೂ ಕಮ್ಮಿ ಆಗೋದೇ ಇಲ್ಲ, ಎರಡು ರನ್ನಿನ ಗದ್ದಲ ಸೇರಿ ಸುಮಾರು 1.4 ಪಟ್ಟು ಆಗುತ್ತೆ, ಗೆರೆ ನೋಡೋಕೆ ಚಪ್ಪಟೆ ಕಂಡ್ರೂ ಡಿಟೆಕ್ಷನ್ ಲಿಮಿಟ್ ಮೊದಲಿಗಿಂತ ಕೆಟ್ಟಿರುತ್ತೆ. ತುರ್ತು ಸ್ಯಾಂಪಲ್ ಇದ್ರೆ, ನಿಮ್ಮ ಕಾಂಪೌಂಡ್‌ಗಳು 250-260 ಡಿಗ್ರಿ ಒಳಗೇ ಹೊರಗೆ ಬರೋದಾದ್ರೆ, ಪ್ರತಿ ರನ್ನಿನ ಮಧ್ಯೆ ಕಾಯೋ ಸಮಯ ಒಂದೇ ಇಟ್ಟು, ಸೀಕ್ವೆನ್ಸ್ ಶುರುಲಿ ಎರಡು ಬ್ಲ್ಯಾಂಕ್ ಹಾಕಿ, ನಡುನಡುವೆ ಒಂದೊಂದು ಬ್ಲ್ಯಾಂಕ್ ಸೇರಿಸಿ ನಡೆಸಿ, ಪೀಕ್ ಬರೋ ಜಾಗದಲ್ಲಿ ಬ್ಲ್ಯಾಂಕಲ್ಲಿ ಏನೂ ಇಲ್ಲ ಅಂತ ತೋರಿಸೋಕಾದ ರಿಸಲ್ಟ್ ಮಾತ್ರ ಕೊಡಿ. 300ರ ಮೇಲೆ ಬರೋ ಕಾಂಪೌಂಡ್‌ಗಳನ್ನ ಲೀಕ್ ಸಿಕ್ಕಿ ಸರಿ ಆಗೋವರೆಗೆ ರಿಪೋರ್ಟ್ ಮಾಡ್ಬೇಡಿ.